‘ಭಾವ ಬರಲಿ’ ಎಂದ ಆ ಮಧ್ಯಾಹ್ನ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನರ್ಸ್ ನನ್ನ ಅಕ್ಕನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಇಳಿಸಿದಳು, ಮತ್ತೆ ತುಂಬಿದಳು. ಮೂರನೆಯ ಸಲ ತುಂಬುವಾಗ ನಾನು ಗೋಡೆಯ ಗಡಿಯಾರ ನೋಡಿದ್ದರಿಂದ ಹೊತ್ತು ಸರಿಯಾಗಿ ನೆನಪಿದೆ. ಅವಳು ನನ್ನ ಕಡೆ ನೋಡದೆ, ಪಟ್ಟಿಯನ್ನೂ ಬಿಚ್ಚದೆ, ಡಾಕ್ಟರನ್ನು ಕರೆಯಲು ಓಡಿದಳು. ಅದು 1974ರ ನವೆಂಬರ್ ತಿಂಗಳ ಒಂದು ಬುಧವಾರ. ಕಲ್ಕತ್ತದ ಗರಿಯಾಹಾಟ್ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮ್.

ಅಕ್ಕ ಶಾರದೆಗೆ ಅದು ಚೊಚ್ಚಲ. ನಾವು ಉಡುಪಿ ಕಡೆಯವರು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ವಾಡಿಕೆ. ಆದರೆ ನಮ್ಮ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಸಾಲದ್ದಕ್ಕೆ ಏಳನೆಯ ತಿಂಗಳಲ್ಲಿ ಅಕ್ಕನ ಕಾಲು, ಮುಖ ಎಲ್ಲ ಊದಿಕೊಂಡು, ಮೂರು ದಿನದ ರೈಲು ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರಮ್ಮ ಹೇಳಿಬಿಟ್ಟರು. ಹಾಗಾಗಿ ಅಮ್ಮನ ಬದಲಿಗೆ ನಾನು ಹೊರಟೆ. ನನಗಾಗ ಇಪ್ಪತ್ತೆರಡು. ಬಿ.ಎಸ್ಸಿ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಮದುವೆಯ ಮಾತು ನಡೆಯುತ್ತಿತ್ತು.

ಭಾವ ಬ್ಯಾಂಕಿನಲ್ಲಿ ಆಫೀಸರ್, ಎಸ್ಪ್ಲನೇಡ್ ಕಡೆಯ ಶಾಖೆಯಲ್ಲಿ. ಕಸ್ಬಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಭಾವ ಕೆಟ್ಟವರಲ್ಲ. ಅಕ್ಕನಿಗೆ ಹುಳಿ ತಿನ್ನಬೇಕೆನಿಸಿದಾಗ ಕೆಲಸ ಮುಗಿಸಿ ನಾಲ್ಕು ಬಜಾರು ಅಲೆದು ಬಿಂಬುಳಿ ಕಾಯಿ ತಂದುಕೊಟ್ಟವರು. ಆದರೆ ಮೂವತ್ತನಾಲ್ಕು ವರ್ಷದ ಆ ಮನುಷ್ಯ ಊರಿನಲ್ಲಿರುವ ತನ್ನ ಅಮ್ಮನನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡುತ್ತಿರಲಿಲ್ಲ. ಸೀಲಿಂಗ್ ಫ್ಯಾನ್ ಹಾಕಿಸುವ ಮೊದಲು ಉಡುಪಿಗೆ ಇನ್‌ಲ್ಯಾಂಡ್ ಕಾಗದ ಹೋಗಿತ್ತಂತೆ. ಉತ್ತರ ಬರುವಾಗ ಬೇಸಿಗೆ ಮುಗಿದಿತ್ತು. “ಇವರ ಅಮ್ಮನ ಕಾಗದ ಬರುವವರೆಗೆ ಸೆಖೆ ಸಹ ಕ್ಯೂನಲ್ಲಿ ನಿಲ್ಬೇಕು ಮಾರಾಯ್ತಿ” ಎಂದು ಅಕ್ಕ ಹೇಳಿ ನಕ್ಕಿದ್ದಳು. ನಾನೂ ನಕ್ಕಿದ್ದೆ. ಆಗ ಅದು ನಗುವ ವಿಷಯವೇ ಆಗಿತ್ತು.

ಆ ಬುಧವಾರ ಬೆಳಿಗ್ಗೆ ಏಳಕ್ಕೆ ನಮ್ಮನ್ನು ನರ್ಸಿಂಗ್ ಹೋಮಿಗೆ ಸೇರಿಸಿ, ಚೊಚ್ಚಲಕ್ಕೆ ಹೊತ್ತು ಹಿಡಿಯುತ್ತದೆ, ಸಂಜೆಯಾದೀತು ಎಂದು ಡಾಕ್ಟರಮ್ಮ ಅಂದದ್ದರಿಂದ ಭಾವ ಬ್ಯಾಂಕಿಗೆ ಹೋಗಿದ್ದರು. ಅಕ್ಕನ ಬಳಿ ನಾನು ಮತ್ತು ಅಲ್ಲಿಯ ಆಯಾ ಇದ್ದೆವು. ಆಯಾಳನ್ನು ಎಲ್ಲರೂ ಮಾಶಿ ಎಂದೇ ಕರೆಯುತ್ತಿದ್ದರು. ದಪ್ಪನೆಯ ಹೆಂಗಸು, ಬಾಯ ತುಂಬ ಪಾನ್. ಅಕ್ಕ ನೋವಿಗೆ ಮುಲುಗಿದಾಗಲೆಲ್ಲ “ಭೋಯ್ ನೇಯ್ ಮಾ, ಭೋಯ್ ನೇಯ್” ಎನ್ನುತ್ತ ಸೊಂಟ ನೀವುತ್ತಿದ್ದಳು. ಹೆದರಬೇಡ ಎನ್ನುವುದು ಬಿಟ್ಟರೆ ಅವಳ ಬಂಗಾಲಿಯಲ್ಲಿ ನನಗೇನೂ ತಿಳಿಯುತ್ತಿರಲಿಲ್ಲ.

ಡಾಕ್ಟರಮ್ಮ ಬಂದು ಮತ್ತೊಮ್ಮೆ ಬಿ.ಪಿ. ನೋಡಿ ನನ್ನನ್ನು ಹೊರಗೆ ಕರೆದರು. ಐವತ್ತು ದಾಟಿದ ಬಂಗಾಲಿ ಹೆಂಗಸು, ಇಂಗ್ಲಿಷಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿದೆ. ಒಂದೊಂದು ನೋವು ಬಂದಾಗಲೂ ಇನ್ನಷ್ಟು ಏರುತ್ತಿದೆ. ಹೀಗೇ ಬಿಟ್ಟರೆ ಫಿಟ್ಸ್ ಬರಬಹುದು. ಬಂದರೆ ತಾಯಿ, ಮಗು ಇಬ್ಬರಿಗೂ ಗಂಡಾಂತರ. ಒಂದು ದಾರಿ ಇದೆ. ಇಂಗ್ಲೆಂಡಿನಲ್ಲಿ ಕಲಿತು ಬಂದ ಅರಿವಳಿಕೆ ಡಾಕ್ಟರೊಬ್ಬರು ಅದೃಷ್ಟಕ್ಕೆ ಇವತ್ತು ಇಲ್ಲೇ ಇದ್ದಾರೆ. ಬೆನ್ನಿನ ಕೆಳಭಾಗದಲ್ಲಿ ಸಣ್ಣ ನಳಿಕೆ ಇಟ್ಟು ಅದರ ಮೂಲಕ ಮದ್ದು ಬಿಡುತ್ತಾರೆ. ಅದಕ್ಕೆ ಎಪಿಡ್ಯೂರಲ್ ಎನ್ನುತ್ತಾರೆ. ನೋವು ನಿಲ್ಲುತ್ತದೆ, ಒತ್ತಡವೂ ಇಳಿಯುತ್ತದೆ. ಹೆರಿಗೆ ಎಂದಿನಂತೆಯೇ ಆಗುತ್ತದೆ. “ಅವರು ಹನ್ನೆರಡೂವರೆಗೆ ಬೇರೆ ಆಸ್ಪತ್ರೆಗೆ ಆಪರೇಷನ್ನಿಗೆ ಹೋಗಬೇಕು. ಗಂಡನನ್ನು ಬೇಗ ಕರೆಸಿ, ಸಹಿ ಬೇಕು” ಎಂದರು.

ಅಕ್ಕನಿಗೆ ನಾನೇ ಹೋಗಿ ಹೇಳಿದೆ. ಅವಳ ತುಟಿ ಒಣಗಿತ್ತು. ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತದೆ ಎಂದಳು. ನಾನು ಇನ್ನೂ ಹೇಳಿ ಮುಗಿಸಿರಲಿಲ್ಲ.

“ಕೊಡ್ಲಿಕ್ಕೆ ಹೇಳು. ಎಲ್ಲಿ ಕಾಗದ? ನಾನೇ ಸೈನ್ ಹಾಕ್ತೇನೆ.”

“ಭಾವನ ಸೈನ್ ಬೇಕಂತೆ ಅಕ್ಕ.”

“ಬೆನ್ನು ಯಾರದ್ದು?” ಎಂದಳು. ಅಷ್ಟರಲ್ಲಿ ಇನ್ನೊಂದು ನೋವು ಬಂದು ಮಂಚದ ಕಂಬಿ ಹಿಡಿದುಕೊಂಡಳು.

ಅರಿವಳಿಕೆ ಡಾಕ್ಟರೂ ಬಂದು ಅವಳನ್ನೇ ಕೇಳಿದರು. ಕನ್ನಡಕದ, ಮೆಲುದನಿಯ ಯುವಕ. ಒತ್ತಡ ಒಮ್ಮೆಲೇ ಇಳಿದುಹೋಗಬಹುದು, ಆಮೇಲೆ ಕೆಲವರಿಗೆ ತಲೆನೋವು ಉಳಿಯುತ್ತದೆ, ಕಾಲಿನ ಬಲ ಹೋಗುವುದು ತೀರ ಅಪರೂಪ ಎಂದು ಏನನ್ನೂ ಮುಚ್ಚಿಡದೆ ಹೇಳಿದರು. ಅಕ್ಕ ಇಂಗ್ಲಿಷಿನಲ್ಲೇ “ದಯವಿಟ್ಟು ಕೊಡಿ” ಎಂದಳು. ಅವರು ತಲೆಯಾಡಿಸಿ, ಸಾಮಾನು ಸಿದ್ಧಮಾಡಲು ನರ್ಸಿಗೆ ಹೇಳಿದರು. ಆದರೆ ಅಲ್ಲಿಯ ಪದ್ಧತಿ ಒಂದಿತ್ತು. ಹೆಂಗಸಿನ ಮೈಗೆ ಏನು ಮಾಡುವುದಿದ್ದರೂ ಗಂಡನೋ ಮನೆಯವರೋ ಸಹಿ ಹಾಕಬೇಕು. ಆ ಕಾಲದಲ್ಲಿ ಎಲ್ಲ ಕಡೆಯೂ ಹಾಗೇ ಇತ್ತೇನೋ. ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಫೋನ್ ಮಾಡಿಸಿದೆ. ಹನ್ನೊಂದೂವರೆಗೆ ಭಾವ ಟ್ಯಾಕ್ಸಿಯಲ್ಲಿ ಬಂದು ಇಳಿದರು. ಅಕ್ಕನಿದ್ದ ಕೋಣೆಗೆ ಬಾಗಿಲಿರಲಿಲ್ಲ, ಹಸಿರು ಪರದೆ ಮಾತ್ರ. ಅದರ ಹೊರಗೆ ವರಾಂಡದ ಮೇಜಿನ ಮೇಲೆ ಒಪ್ಪಿಗೆಯ ಕಾಗದ ಇಟ್ಟಿದ್ದರು. ಡಾಕ್ಟರಮ್ಮ ನನಗೆ ಹೇಳಿದ್ದನ್ನೆಲ್ಲ ಭಾವನಿಗೂ ಹೇಳಿದರು. ಭಾವ ಜೇಬಿನಿಂದ ಪೆನ್ನು ತೆಗೆದರು. ಕ್ಯಾಪು ಬಿಚ್ಚಿದರು. ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡರು.

ಇನ್ನು ಮುಂದಿನದನ್ನು ನಾನು ನಮ್ಮ ಮನೆಯಲ್ಲಿ ಹೇಳಿಲ್ಲ. ಊರಿನಲ್ಲಿ ಎಲ್ಲರೂ ಭಾವನನ್ನೇ ಬೈದರು, ನಾನು ಸುಮ್ಮನೆ ಕೇಳಿಸಿಕೊಂಡೆ.

ಪೆನ್ನು ಕಾಗದದ ಮೇಲಿಟ್ಟುಕೊಂಡು ಭಾವ ನನ್ನ ಕಡೆ ನೋಡಿ ಕೇಳಿದರು. “ನೀನು ಸೈನ್ಸ್ ಓದಿದವಳಲ್ವಾ ಸುಮಿತ್ರಾ, ನೀನೆಂತ ಹೇಳ್ತಿ?”

ನಾನು ಓದಿದ್ದು ಪ್ರಾಣಿಶಾಸ್ತ್ರ. ಕಾಲೇಜಿನ ಪ್ರಯೋಗಾಲಯದಲ್ಲಿ ಬದುಕಿರುವ ಕಪ್ಪೆಯ ಕತ್ತಿನ ಹಿಂದಿನಿಂದ ಸೂಜಿ ತೂರಿಸಿ ಬೆನ್ನುಹುರಿ ಕದಡುತ್ತಿದ್ದೆವು. ಎರಡು ಕ್ಷಣದಲ್ಲಿ ಅದರ ಹಿಂಗಾಲು ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿತ್ತು. ಬೆನ್ನಿಗೆ ಸೂಜಿ ಎಂದಾಗಿನಿಂದ, ಒಂದು ಗಂಟೆಯಿಂದ, ನನ್ನ ತಲೆಯಲ್ಲಿ ಅದೇ ಕಪ್ಪೆ. ಇವರು ಹೇಳುವ ನಳಿಕೆ ಬೆನ್ನುಹುರಿಯನ್ನು ಮುಟ್ಟುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಓದಿದವಳು ಎಂದು ಕೇಳಿದ್ದಾರೆ, ಏನಾದರೂ ಹೇಳಬೇಕಲ್ಲ.

“ಬೆನ್ನುಹುರಿ ಹತ್ತಿರವೇ ಅಲ್ವಾ ಭಾವ. ಕೈ ಒಂಚೂರು ತಪ್ಪಿದ್ರೆ ಕಾಲು ಹೋಗುದಿಲ್ವಾ?”

ಪರದೆಯ ಒಳಗೆ ಅಕ್ಕ ಕೂಗಿದ್ದು ಕೇಳಿತು, ಇನ್ನೊಂದು ನೋವು ಅಂದುಕೊಂಡೆ. ಭಾವ ಪೆನ್ನಿನ ಕ್ಯಾಪು ಹಾಕಿದರು.

“ಅಮ್ಮನಿಗೆ ಒಂದು ಮಾತು ಹೇಳದೆ ಹೇಗೆ ಹಾಕುದು? ನಾಳೆ ಎಂತಾದ್ರೂ ಆದ್ರೆ?” ಎಂದು ನನಗೆ ಹೇಳಿ, ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ “ಕುಟುಂಬದವರನ್ನು ಕೇಳಬೇಕು” ಎಂದರು.

ಡಾಕ್ಟರಮ್ಮ ಪರದೆಯ ಕಡೆ ಕೈ ತೋರಿಸಿದರು. “ನಿಮ್ಮ ಕುಟುಂಬ ಅಲ್ಲಿ ಮಲಗಿದೆ.”

ಭಾವ ಹೊರಟೇಬಿಟ್ಟರು. ಊರಿಗೆ ಟ್ರಂಕ್ ಕಾಲ್ ಮಾಡಲು ಬ್ಯಾಂಕಿನ ಫೋನಿನಿಂದಲೇ ಬೇಗ ಲೈನ್ ಸಿಗುತ್ತದೆ, ಅರ್ಜೆಂಟ್ ಕಾಲ್ ಹಾಕಿ ಒಂದು ಗಂಟೆಯಲ್ಲಿ ಬಂದೇನು ಎಂದು ಮೆಟ್ಟಿಲಿಳಿಯುತ್ತ ಹೇಳಿದರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಗುರವೆನಿಸಿತು. ಯಾರೋ ದೊಡ್ಡವರು ತೀರ್ಮಾನ ಮಾಡುತ್ತಾರಲ್ಲ ಎಂದು.

ಹನ್ನೆರಡಾಯಿತು. ಹನ್ನೆರಡೂ ಕಾಲಾಯಿತು. ಅರಿವಳಿಕೆ ಡಾಕ್ಟರು ಎರಡು ಸಲ ಬಂದು ನನ್ನ ಮುಖ ನೋಡಿ ಹೋದರು. ಮಾಶಿ ಪರದೆಯಿಂದ ತಲೆ ಹೊರಹಾಕಿ “ಜಾಮಾಯ್‌ಬಾಬು ಕೋಥಾಯ್?” ಎಂದು ಗದರಿದಳು. ಅಳಿಯ ಎಲ್ಲಿ ಎಂದು ಕೇಳುತ್ತಿದ್ದಾಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಫೋನ್ ಮಾಡಲು ಎಂದು ಕೈಸನ್ನೆ ಮಾಡಿದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಹನ್ನೆರಡೂ ಇಪ್ಪತ್ತೈದಕ್ಕೆ ಡಾಕ್ಟರಮ್ಮ ಅದೇ ಕಾಗದ ತಂದು ನನ್ನ ಮುಂದೆ ಹಿಡಿದರು. ತಮ್ಮ ಪೆನ್ನನ್ನೇ ಕೊಟ್ಟರು.

“ನೀನು ಒಡಹುಟ್ಟಿದವಳು. ವಯಸ್ಸಾಗಿದೆ, ಓದಿದ್ದೀಯ. ನೀನು ಹಾಕಿದರೂ ನಡೆಯುತ್ತದೆ. ನಿನ್ನ ಅಕ್ಕ ಒಪ್ಪಿದ್ದಾಳೆ. ಹಾಕು.”

ಆ ಕಾಗದದ ಒಂದೊಂದು ಸಾಲೂ ನನಗೆ ಅರ್ಥವಾಗುತ್ತಿತ್ತು. ಪೆನ್ನು ಕೈಯಲ್ಲಿತ್ತು. ನಾಳೆ ಅಕ್ಕನ ಕಾಲು ಬಿದ್ದುಹೋದರೆ ತಂಗಿಯೇ ಸಹಿ ಹಾಕಿದಳು ಎನ್ನುತ್ತಾರೆ. ಭಾವನ ಮನೆಯಲ್ಲಿ ಉಂಡುಕೊಂಡು ಭಾವನ ಮಾತು ಮೀರಿದಳು ಎನ್ನುತ್ತಾರೆ. ನನ್ನ ಮದುವೆಯ ಮಾತೂ ಮನಸ್ಸಿನಲ್ಲಿ ಹಾದುಹೋಯಿತು. ಸುಳ್ಳು ಹೇಳಿ ಏನು ಪ್ರಯೋಜನ.

“ಭಾವ ಬರಲಿ ಡಾಕ್ಟರ್. ಈಗ ಬರುತ್ತಾರೆ” ಎಂದೆ.

ಅವರು ಪೆನ್ನು ವಾಪಸು ತೆಗೆದುಕೊಂಡರು. ಹನ್ನೆರಡೂ ನಲವತ್ತರವರೆಗೆ ಕಾದು ಅರಿವಳಿಕೆ ಡಾಕ್ಟರು ಚೀಲ ಹಿಡಿದು ಮೆಟ್ಟಿಲಿಳಿದರು. ಅವರನ್ನು ಕಾಯುತ್ತ ಇನ್ನೊಂದು ಆಸ್ಪತ್ರೆಯಲ್ಲಿ ಇನ್ಯಾರೋ ಮಲಗಿದ್ದರು. ಒಳಗೆ ಫಿಟ್ಸ್ ಬಾರದಿರಲೆಂದು ಅಕ್ಕನ ತೋಳಿಗೆ ಇಂಜೆಕ್ಷನ್ ಕೊಟ್ಟರು, ಕೋಣೆ ಕತ್ತಲು ಮಾಡಿದರು, ಮಾತಾಡಬೇಡಿ ಎಂದರು.

ಒಂದು ಐವತ್ತಕ್ಕೆ ಅಕ್ಕನ ಮುಖದ ಒಂದು ಭಾಗ ಸೆಳೆಯತೊಡಗಿತು. ನಾನು ಅವಳು ನಗುತ್ತಿದ್ದಾಳೆ ಅಂದುಕೊಂಡೆ. ಮರುಕ್ಷಣ ಕಣ್ಣು ಮೇಲೆ ಹೋಗಿ, ಮೈಯೆಲ್ಲ ಬಿಲ್ಲಿನಂತೆ ಸೆಟೆದು, ಕಬ್ಬಿಣದ ಮಂಚ ಗಡಗಡ ಗೋಡೆಗೆ ಬಡಿಯತೊಡಗಿತು. ಮಾಶಿ ಚಮಚಕ್ಕೆ ಬಟ್ಟೆ ಸುತ್ತಿ ಹಲ್ಲಿನ ನಡುವೆ ತೂರಿಸಿದಳು. ಅಷ್ಟರಲ್ಲಿ ನಾಲಗೆ ಕಚ್ಚಿ ಹೋಗಿತ್ತು. ದಿಂಬಿನ ಮೇಲೆ ರಕ್ತ, ಬಾಯಲ್ಲಿ ನೊರೆ. ಮುಖ ನೀಲಿಗಟ್ಟಿತು. ಯಾರೋ ನನ್ನನ್ನು ಭುಜ ಹಿಡಿದು ಹೊರಗೆ ನೂಕಿದರು. ಪರದೆಯ ಹೊರಗೆ ನಿಂತು ಮಂಚದ ಸದ್ದು ಕೇಳುತ್ತಿದ್ದೆ. ಸದ್ದು ನಿಂತಾಗ ಅವಳು ಸತ್ತಳು ಎಂದುಕೊಂಡೆ. ಮತ್ತೆ ಸುರುವಾದಾಗ, ಇಲ್ಲ, ಬದುಕಿದ್ದಾಳೆ ಎಂದು ಸಮಾಧಾನಪಟ್ಟೆ. ಅಂಥ ಸಮಾಧಾನ ಶತ್ರುವಿಗೂ ಬೇಡ.

ಆಮೇಲೆ ಇಕ್ಕಳ ಹಾಕಿ ಮಗುವನ್ನು ತೆಗೆದರು. ಅದಕ್ಕೆ ಯಾರ ಸಹಿಯನ್ನೂ ಕೇಳಲಿಲ್ಲ.

ಎರಡೂ ಮುಕ್ಕಾಲಿಗೆ ಹೆಣ್ಣು ಮಗು ಹುಟ್ಟಿತು. ಬೆಕ್ಕಿನ ಮರಿಯಷ್ಟು, ಎರಡೂ ಕೆನ್ನೆಯ ಮೇಲೆ ಇಕ್ಕಳದ ಕೆಂಪು ಗುರುತು. ಸ್ವಲ್ಪ ಹೊತ್ತು ಅಳಲೇ ಇಲ್ಲ. ಅತ್ತಾಗ ಮಾಶಿ ಜೋರಾಗಿ ಅತ್ತುಬಿಟ್ಟಳು. ಅಕ್ಕನಿಗೆ ಪ್ರಜ್ಞೆ ಇರಲಿಲ್ಲ.

ಮೂರೂ ಹತ್ತಕ್ಕೆ ಭಾವ ಬಂದರು. ಮೆಟ್ಟಿಲು ಹತ್ತುತ್ತಲೇ, ಉಸಿರು ಬಿಡುತ್ತಲೇ ಸುರುಮಾಡಿದರು. “ಲೈನೇ ಸಿಗ್ಲಿಲ್ಲ ಮಾರಾಯ್ತಿ. ಊರಲ್ಲಿ ಮನೆ ಹತ್ತಿರದ ಜವಳಿ ಅಂಗಡಿಯ ಫೋನಿಗೆ ಪಿ.ಪಿ. ಕಾಲ್ ಹಾಕಿದ್ದು, ಅಮ್ಮನನ್ನೇ ಕರೀಬೇಕು ಅಂತ. ಸಿಕ್ಕಿದಾಗ ಅಮ್ಮ ಇಲ್ಲ, ಯಾರದ್ದೋ ಮನೆಗೆ ಪೂಜೆ ಊಟಕ್ಕೆ ಹೋಗಿದ್ರು. ಅಂಗಡಿಯವರು ಅಲ್ಲಿಗೇ ಜನ ಕಳ್ಸಿ ಕರ್ಕೊಂಡು ಬಂದ್ರು.”

“ಎಂತ ಹೇಳಿದ್ರು?” ಎಂದೆ.

ಭಾವ ಮುಖ ಒರೆಸಿಕೊಂಡರು. “ಬೈದ್ರು. ಡಾಕ್ಟ್ರು ಹೇಳಿದ ಹಾಗೆ ಮಾಡುದಲ್ವಾ ಮಾಣಿ, ನಾನೆಂತ ಡಾಕ್ಟ್ರಾ? ಇಷ್ಟು ಕೇಳ್ಲಿಕ್ಕೆ ನನ್ನನ್ನು ಅರ್ಧ ಊಟದಲ್ಲಿ ಎಬ್ಬಿಸಿದ್ದಾ? ಅಂದ್ರು.” ಹಾಗೆ ಹೇಳುತ್ತ ಜೇಬಿನಿಂದ ಪೆನ್ನು ತೆಗೆದರು. “ಎಲ್ಲುಂಟು ಕಾಗದ?”

ನಾನು ಅವರಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವರು ವರಾಂಡದ ಬೆಂಚಿನಲ್ಲಿ ಕುಳಿತವರು ಕತ್ತಲಾಗುವವರೆಗೆ ಏಳಲಿಲ್ಲ. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೇಳಿದ್ದೂ ಆಮೇಲೆ ಎಷ್ಟೋ ಹೊತ್ತಿಗೆ.

ಮರುದಿನ ಹನ್ನೊಂದರ ಹೊತ್ತಿಗೆ ಅಕ್ಕ ಕಣ್ಣು ತೆರೆದಳು. ಕಿಟಕಿಯಿಂದ ಬಿಸಿಲು ನೇರ ಅವಳ ಹೊದಿಕೆಯ ಮೇಲೆ ಬಿದ್ದಿತ್ತು. ಊದಿದ ನಾಲಗೆಯಲ್ಲಿ ನಿಧಾನವಾಗಿ ಕೇಳಿದಳು. “ಕರೆಂಟ್ ಹೋಯ್ತಾ?”

ಆ ವರ್ಷ ಕಲ್ಕತ್ತದಲ್ಲಿ ದಿನಕ್ಕೆ ಎರಡು ಸಲ, ಮೂರು ಸಲ ಕರೆಂಟ್ ಹೋಗುತ್ತಿತ್ತು. ಆದ್ದರಿಂದ ನನ್ನ ಬಾಯಿಗೆ ಸುಳ್ಳು ಸುಲಭವಾಗಿ ಬಂತು. “ಹೌದಕ್ಕ, ಹೋಗಿದೆ” ಎಂದೆ.

“ಕಿಟಕಿಯಾದ್ರೂ ತೆಗಿ ಮಾರಾಯ್ತಿ.”

ಕೆಳಗೆ ಟ್ರಾಮ್ ಗಂಟೆ ಬಾರಿಸುತ್ತ ಹೋಯಿತು. ಸೀರೆ ಅಂಗಡಿಯವರು ಗಿರಾಕಿಗಳನ್ನು ಕೂಗುತ್ತಿದ್ದರು. ಅಕ್ಕ ಕಿವಿಗೊಟ್ಟು ಕೇಳಿದಳು. ಆಮೇಲೆ ಕೈ ಎತ್ತಿ ತನ್ನ ಕಣ್ಣ ಮುಂದೆ ಹಿಡಿದು ಆಡಿಸಿದಳು. ಅವಳಿಗೆ ಗೊತ್ತಾಯಿತು. ಅವಳು ಕಿರುಚಲಿಲ್ಲ. “ಮಗುವನ್ನು ಕೊಡು, ಮುಟ್ಟಿ ನೋಡ್ತೇನೆ” ಎಂದಳು.

ಫಿಟ್ಸ್ ಬಂದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಮೆದುಳು ಊದಿಕೊಂಡಿದೆ, ದೃಷ್ಟಿ ಮರಳುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಯಾವಾಗ ಎಂದು ಹೇಳಲಿಲ್ಲ. ಮೂರನೆಯ ದಿನ ಕಿಟಕಿಯ ಸರಳು ಕಂಡಿತು. ಐದನೆಯ ದಿನ ಮಗುವಿನ ಮುಖ. ನಾನು ವರಾಂಡದಲ್ಲಿ ಡಾಕ್ಟರಮ್ಮನನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವತ್ತು ಆ ಎಪಿಡ್ಯೂರಲ್ ಕೊಟ್ಟಿದ್ದರೆ ಫಿಟ್ಸ್ ಬರುತ್ತಿರಲಿಲ್ಲವೆ?

“ಕೊಟ್ಟಿದ್ದರೂ ಬರಬಹುದಿತ್ತು. ಬರದೇ ಇರಲೂಬಹುದಿತ್ತು” ಎಂದರು. ಅವರು ನನಗೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಐದು ವರ್ಷವಾಯಿತು, ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಹನ್ನೆರಡೂ ಇಪ್ಪತ್ತೈದಕ್ಕೆ ಹಿಂದೆ ಹೋಗುತ್ತೇನೆ. ಒಮ್ಮೊಮ್ಮೆ ಸಹಿ ಹಾಕುತ್ತೇನೆ. ಆಮೇಲೆ ಏನಾಗುತ್ತದೆಂದು ಮಾತ್ರ ಕಾಣುವುದೇ ಇಲ್ಲ.

ಕಸ್ಬಾದ ಮನೆಗೆ ಬಂದ ಮೇಲೆ ಯಾರಿಗೂ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಮತ್ತೆ ಕಾಣದೇ ಹೋದೀತು ಎಂಬ ಭಯ ಅಕ್ಕನಿಗೆ. ದೀಪ ಆರಿಸಲು ಬಿಡುತ್ತಿರಲಿಲ್ಲ. ಕರೆಂಟ್ ಹೋದರೆ ಎದ್ದು ಕುಳಿತು ನಡುಗುತ್ತಿದ್ದಳು. ಅದಕ್ಕೇ ಬಲ್ಬಿನ ಜೊತೆಗೆ ಒಂದು ಲಾಟೀನನ್ನೂ ಬೆಳಗಿನವರೆಗೆ ಉರಿಸುತ್ತಿದ್ದೆವು. ಗಂಟೆಗೊಮ್ಮೆ ನನ್ನನ್ನು ಅಲುಗಾಡಿಸಿ “ಬೆರಳು ತೋರ್ಸು” ಎನ್ನುತ್ತಿದ್ದಳು. ನಾನು ಮೂರೋ ನಾಲ್ಕೋ ಬೆರಳು ಎತ್ತುತ್ತಿದ್ದೆ, ಅವಳು ಎಣಿಸುತ್ತಿದ್ದಳು. ಭಾವ ಹೊರಗಿನ ಕೋಣೆಯಲ್ಲಿ ಓಡಾಡುವುದು ಕೇಳುತ್ತಿತ್ತು. ಅವರೊಡನೆ ಅಕ್ಕ ಅಕ್ಕಿ ಮುಗಿದಿದೆ, ಹಾಲು ಬಂದಿಲ್ಲ ಎನ್ನುವಷ್ಟು ಮಾತ್ರ ಮಾತಾಡುತ್ತಿದ್ದಳು. ನನ್ನ ಜೊತೆ ಎಂದಿನ ಹಾಗೇ ಇದ್ದಳು. ಅದೇ ನನಗೆ ತಡೆಯಲಾಗಲಿಲ್ಲ.

ನಲವತ್ತೊಂದನೆಯ ದಿನ ಮಧ್ಯಾಹ್ನ ಮಗುವಿಗೆ ಹಾಲೂಡಿಸಿ ಅವಳು ಗೋಡೆಗೆ ಒರಗಿ ಕುಳಿತಿದ್ದಾಗ ಹೇಳಿಬಿಟ್ಟೆ. ಭಾವ ಸೈನ್ ಹಾಕುವವರಿದ್ದರು, ತಡೆದದ್ದು ನನ್ನ ಮಾತು. ಆಮೇಲೆ ಪೆನ್ನು ನನ್ನ ಕೈಗೇ ಬಂದಿತ್ತು, ನಾನು ಹಾಕಲಿಲ್ಲ.

ಅಕ್ಕ ಮಗುವಿನ ಬಾಯಿ ಒರೆಸಿದಳು.

“ಗೊತ್ತುಂಟು ನಂಗೆ.”

“ಭಾವ ಹೇಳಿದ್ರಾ?”

“ಅವರೆಲ್ಲಿ ಹೇಳ್ತಾರೆ. ಪರದೆ ಅಲ್ವಾ ಇದ್ದದ್ದು, ಗೋಡೆಯಾ? ಎಲ್ಲ ಕೇಳ್ತಿತ್ತು. ನೀನು ಕಾಲು ಹೋಗುದಿಲ್ವಾ ಅಂದಾಗ ನಾನು ಕೂಗಿದೆ. ಹಾಕ್ಲಿಕ್ಕೆ ಹೇಳು, ಹಾಕ್ಲಿಕ್ಕೆ ಹೇಳು ಅಂತ. ಎರಡು ಸಲ.”

“ನೋವಿಗೆ ಕೂಗಿದ್ದು ಅಂದ್ಕೊಂಡೆ ಅಕ್ಕ.”

“ಕನ್ನಡದಲ್ಲಿ ಕೂಗಿದ್ದು” ಎಂದಳು. “ಆ ಇಡೀ ಕಟ್ಟಡದಲ್ಲಿ ಅದು ಅರ್ಥ ಆಗುವವ್ರು ನೀವಿಬ್ರೇ ಇದ್ದದ್ದು.”

ಇಷ್ಟು ಹೇಳಿ ಅವಳು ಎದ್ದು ಹೋಗಿ ಮಗುವಿನ ಬಟ್ಟೆ ಒಗೆಯತೊಡಗಿದಳು. ನಾನು ಒಗೆಯುತ್ತೇನೆ ಎಂದರೆ ಬೇಡ ಎಂದಳು.

ಆ ರಾತ್ರಿ ಊಟವಾದ ಮೇಲೆ ಅಕ್ಕ ತಾನಾಗಿಯೇ ಲಾಟೀನಿನ ಬತ್ತಿ ಇಳಿಸಿ ಊದಿದಳು. ಬಲ್ಬನ್ನೂ ಆರಿಸಿದಳು. ಬೆರಳು ತೋರಿಸು ಎನ್ನಲಿಲ್ಲ. ಮಗುವನ್ನು ಎದೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಮಗುವೂ ಅವತ್ತು ಏಳಲಿಲ್ಲ. ಹೊರಗೆ ಭಾವನ ಹೆಜ್ಜೆಯೂ ನಿಂತಿತು.

ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಬಂದ ಹೆಂಗಸು ಬಾಗಿಲು ಬಡಿದು ಬಡಿದು ಪಕ್ಕದ ಮನೆಯವರನ್ನು ಕೂಗಿದಾಗಲೇ ನಮಗೆಲ್ಲ ಎಚ್ಚರ. ಎಂಟು ಗಂಟೆಯಾಗಿತ್ತು. ಅಕ್ಕ ನನ್ನನ್ನು ಕ್ಷಮಿಸಿದಳೋ, ಇಲ್ಲ ಎಲ್ಲ ಮುಗಿಯಿತು ಎಂದು ಬಿಟ್ಟುಬಿಟ್ಟಳೋ, ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅವಳಿಗೆ ನಿದ್ದೆ ಬಂದದ್ದು ನ್ಯಾಯವೇ. ಅವಳ ಮಾತು ಕೇಳಿದ ಮೇಲೂ ಆ ರಾತ್ರಿ ನನಗೆ ನಿದ್ದೆ ಬಂತು, ಕನಸು ಕೂಡ ಬೀಳಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.